ಗೇರಿಲ್ಲದ ಸ್ಕೂಟರ್‌ನಲ್ಲಿ ಜಾಮ್ ಆದ ಕ್ಲಚ್ ಬಿಚ್ಚಿ ಸ್ಪ್ರಿಂಗ್ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಸ್ಕೂಟರ್ ಇಟ್ಟುಕೊಂಡವರು ಹಾಗೂ ಹೊಸದಾಗಿ ಗ್ಯಾರೇಜ್ ಕೆಲಸ ಕಲಿಯುತ್ತಿರುವವರು ಈ ಕೆಲಸದ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಆಕ್ಟಿವಾ, ಜುಪಿಟರ್, ಆಕ್ಸೆಸ್ ಮುಂತಾದ ಬೆಲ್ಟ್ ಚಾಲಿತ ಸ್ಕೂಟರ್‌ಗಳ ಹಿಂದಿನ ಕ್ಲಚ್ ಅಸೆಂಬ್ಲಿಯನ್ನು ಗಮನದಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಗೇರ್ ಇರುವ ಬೈಕ್‌ಗಳ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಬೇರೆಯೇ ರಚನೆಯದು. ಅದಕ್ಕೆ ಈ ವಿಧಾನ ಅನ್ವಯಿಸುವುದಿಲ್ಲ.

ಈ ಕ್ಲಚ್ ಒಳಗೆ ಏನೇನಿರುತ್ತದೆ? ದೊಡ್ಡ ಸ್ಪ್ರಿಂಗ್ ಮಾಡುವ ಕೆಲಸವೇನು?

ಇಂಜಿನ್‌ನ ಕ್ರ್ಯಾಂಕ್ ಶಾಫ್ಟ್ ಮೇಲೆ ಮುಂದಿನ ಪುಲ್ಲಿ ಇರುತ್ತದೆ. ಅದರೊಳಗಿನ ರೋಲರ್‌ಗಳು ವೇಗ ಹೆಚ್ಚಿದಂತೆ ಹೊರಕ್ಕೆ ಸರಿದು ಪುಲ್ಲಿಯ ಎರಡು ಫೇಸ್‌ಗಳನ್ನು (ಬೆಲ್ಟನ್ನು ಎರಡೂ ಬದಿಯಿಂದ ಹಿಡಿಯುವ ಓರೆ ತಟ್ಟೆಗಳನ್ನು) ಹತ್ತಿರ ತರುತ್ತವೆ; ಆಗ ಬೆಲ್ಟ್ ಅಲ್ಲಿ ಮೇಲಕ್ಕೇರುತ್ತದೆ. ಬೆಲ್ಟ್‌ನ ಉದ್ದ ಬದಲಾಗುವುದಿಲ್ಲವಾದ್ದರಿಂದ ಹಿಂದಿನ ಪುಲ್ಲಿಯಲ್ಲಿ ಅದು ಕೆಳಗಿಳಿಯಲೇಬೇಕು, ಅಂದರೆ ಹಿಂದಿನ ಪುಲ್ಲಿಯ ಎರಡು ಫೇಸ್‌ಗಳು ದೂರ ಸರಿಯಲೇಬೇಕು. ಹೀಗೆ ಸರಿಯುವ ಫೇಸ್ ಅನ್ನು ಎದುರಿನಿಂದ ಒತ್ತಿ ಹಿಡಿದು, ಬೆಲ್ಟ್ ಜಾರದಂತೆ ನೋಡಿಕೊಂಡು, ವೇಗ ಕಡಿಮೆಯಾದಾಗ ಬೆಲ್ಟನ್ನು ಮತ್ತೆ ಅಂಚಿಗೆ ತಂದು ನಿಲ್ಲಿಸುವುದೇ ದೊಡ್ಡ ಸ್ಪ್ರಿಂಗ್‌ನ ಕೆಲಸ.

ಸ್ಪ್ರಿಂಗ್ ಒಂದೇ ಈ ಕೆಲಸ ಮಾಡುವುದಿಲ್ಲ. ಸರಿಯುವ ಫೇಸ್‌ನ ನಡುವಿನ ಕೊಳವೆಯಲ್ಲಿ ಓರೆಯಾಗಿ ಕೊರೆದ ಸೀಳುಗಳಿದ್ದು, ಅವುಗಳಲ್ಲಿ ಗೈಡ್ ಪಿನ್‌ಗಳು ಕುಳಿತಿರುತ್ತವೆ. ಏರು ಬಂದಾಗ ಅಥವಾ ಥ್ರಾಟಲ್ ಒಮ್ಮೆಲೇ ತಿರುವಿದಾಗ ಹಿಂದಿನ ಚಕ್ರದ ಭಾರದಿಂದ ಫೇಸ್ ಸ್ವಲ್ಪ ತಿರುಗಿ, ಈ ಓರೆ ಸೀಳಿನ ದೆಸೆಯಿಂದ ಬೆಲ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಆದ್ದರಿಂದ ಈ ಫೇಸ್ ನೇರವಾಗಿ ಜಾರುವುದರ ಜೊತೆಗೆ ತಿರುಗಲೂ ಬೇಕು. ಜಾಮ್ ಎಂದರೆ ಈ ಎರಡೂ ಚಲನೆಗಳು ನಿಂತುಹೋಗಿವೆ ಎಂದರ್ಥ.

ದೊಡ್ಡ ಸ್ಪ್ರಿಂಗ್‌ನ ಮೇಲ್ಗಡೆ ಮೂರು ಶೂಗಳಿರುವ ಪ್ಲೇಟ್ ಇರುತ್ತದೆ. ವೇಗ ಹೆಚ್ಚಿದಾಗ ಈ ಶೂಗಳು ಹೊರಕ್ಕೆ ಚಾಚಿ, ಸುತ್ತಲಿನ ಬಟ್ಟಲಿನಂಥ ಡ್ರಮ್ ಅನ್ನು ಒಳಗಿನಿಂದ ಹಿಡಿದು ಹಿಂದಿನ ಚಕ್ರವನ್ನು ತಿರುಗಿಸುತ್ತವೆ. ಆ ಶೂಗಳನ್ನು ಹಿಡಿದಿಡುವ ಮೂರು ಸಣ್ಣ ಸ್ಪ್ರಿಂಗ್‌ಗಳು ಬೇರೆ, ಕೆಳಗಿನ ದೊಡ್ಡ ಸ್ಪ್ರಿಂಗ್ ಬೇರೆ. ಅಂಗಡಿಗೆ ಹೋಗಿ ಬರೀ ‘ಕ್ಲಚ್ ಸ್ಪ್ರಿಂಗ್ ಕೊಡಿ’ ಎಂದರೆ ಬಹಳಷ್ಟು ಸಲ ಸಣ್ಣ ಸ್ಪ್ರಿಂಗ್‌ಗಳ ಪೊಟ್ಟಣವೇ ಕೈಗೆ ಬರುತ್ತದೆ. ಯಾವುದು ಬೇಕೆಂದು ಬಿಡಿಸಿ ಹೇಳುವುದು, ಸಾಧ್ಯವಾದರೆ ಹಳೆಯದನ್ನೇ ಒಯ್ದು ತೋರಿಸುವುದು ಒಳ್ಳೆಯದು.

ಇಂತಹ ರಚನೆ ನಮ್ಮಲ್ಲಿಗೆ ಯಾವಾಗ ಬಂತು?

ಓರೆ ಫೇಸ್‌ಗಳ ಪುಲ್ಲಿ ಮತ್ತು ಬೆಲ್ಟ್‌ನ ಈ ಏರ್ಪಾಡನ್ನು ನೆದರ್ಲೆಂಡ್ಸ್‌ನ ಡಾಫ್ ಕಂಪನಿ 1958ರಲ್ಲಿ ತನ್ನ ಸಣ್ಣ ಕಾರಿನಲ್ಲಿ ಬಳಕೆಗೆ ತಂದಿತು. ಭಾರತದ ರಸ್ತೆಗಳಲ್ಲಿ ಇದು ಜನರಿಗೆ ಪರಿಚಯವಾದದ್ದು 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರ್‌ನಿಂದ. ಇಂದಿನ ಸ್ಕೂಟರ್‌ಗಳಲ್ಲಿ ಲೋಹ, ಬೆಲ್ಟ್ ಮತ್ತು ಸೀಲ್‌ಗಳ ಗುಣಮಟ್ಟ ಸುಧಾರಿಸಿದ್ದರೂ ಕೆಲಸದ ತತ್ವ ಅದೇ ಆಗಿದೆ.

ಕ್ಲಚ್ ಜಾಮ್ ಆಗಿದೆ ಎಂದು ಗಾಡಿ ಓಡಿಸುವಾಗಲೇ ತಿಳಿಯುವುದು ಹೇಗೆ?

ನಮ್ಮ ಕಡೆಯ ಗ್ರಾಹಕರು ಮಿಸ್ತ್ರಿಯ ಮುಂದೆ ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಗಾಡಿ ಬರೇ ಕೂಗ್ತದ್ರಿ, ಎಳ್ಯಂಗಿಲ್ಲ.’ ಈ ಒಂದು ಮಾತಿನ ಹಿಂದೆ ಮೂರು ಬೇರೆ ಬೇರೆ ದೋಷಗಳು ಅಡಗಿರಬಹುದಾದ್ದರಿಂದ, ಗಾಡಿ ಯಾವ ವೇಗದಲ್ಲಿ ಕೂಗುತ್ತದೆ ಎಂದು ಮೊದಲು ಕೇಳಿ ತಿಳಿಯಬೇಕು.

ನಿಂತಲ್ಲಿಂದ ಹೊರಡುವಾಗ ಪಿಕಪ್ ಸರಿಯಾಗಿಯೇ ಇದ್ದು, ಸ್ವಲ್ಪ ದೂರ ಹೋದ ಮೇಲೆ ಇಂಜಿನ್ ಎಷ್ಟು ಕೂಗಿದರೂ ವೇಗ ಏರದಿದ್ದರೆ, ಹಿಂದಿನ ಪುಲ್ಲಿಯ ಫೇಸ್‌ಗಳು ಮುಚ್ಚಿದ ಸ್ಥಿತಿಯಲ್ಲಿ ಜಾಮ್ ಆಗಿ ಬೆಲ್ಟ್ ಅಂಚಿನಲ್ಲಿಯೇ ಉಳಿದಿರುವ ಸಾಧ್ಯತೆ ಹೆಚ್ಚು. ಇದಕ್ಕೆ ವಿರುದ್ಧವಾಗಿ, ಸಿಗ್ನಲ್‌ನಿಂದ ಹೊರಡುವಾಗ ಗಾಡಿ ನಡುಗಿ, ತಡವರಿಸಿ, ಸುಟ್ಟ ವಾಸನೆ ಬಂದು, ಒಮ್ಮೆ ವೇಗ ಹಿಡಿದ ಮೇಲೆ ಆರಾಮವಾಗಿ ಓಡಿದರೆ ಫೇಸ್‌ಗಳು ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿವೆ ಎಂದು ತಿಳಿಯಬಹುದು. ಮೂರನೆಯದು ಸ್ಪ್ರಿಂಗ್ ಸೊರಗಿದ ಲಕ್ಷಣ: ಒಬ್ಬರೇ ಇದ್ದಾಗ ಗಾಡಿ ಸರಿಯಾಗಿ ಓಡುತ್ತದೆ, ಹಿಂದೆ ಇನ್ನೊಬ್ಬರು ಕುಳಿತು ರೈಲ್ವೆ ಮೇಲ್ಸೇತುವೆ ಏರುವಾಗ ಬೆಲ್ಟ್ ಜಾರಿ ಇಂಜಿನ್ ಮಾತ್ರ ಕೂಗುತ್ತದೆ.

ಮುಂದಿನ ಪುಲ್ಲಿಯ ರೋಲರ್‌ಗಳು ಸವೆದು ಚಪ್ಪಟೆಯಾಗಿದ್ದರೂ ಇವೇ ಲಕ್ಷಣಗಳು ಕಾಣಿಸುವುದುಂಟು. ಆದ್ದರಿಂದ ಕವರ್ ತೆಗೆದು ಕೈಯಿಂದ ಪರೀಕ್ಷಿಸದೆ ಯಾವ ಸಾಮಾನನ್ನೂ ಖರೀದಿಸಬಾರದು.

ಕೈಯಿಂದ ಪರೀಕ್ಷಿಸುವುದು ಹೇಗೆ?

ಇಂಜಿನ್ ಆರಿಸಿ, ಕೀ ತೆಗೆದು, ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಕಳಚಿ, ಗಾಡಿಯನ್ನು ಮಧ್ಯದ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಓಡಿ ಬಂದ ಗಾಡಿಯ ಕ್ಲಚ್ ಡ್ರಮ್ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ, ತಣಿಯುವವರೆಗೆ ಕಾಯಬೇಕು. ಎಡಬದಿಯ ಕವರ್ ತೆಗೆದ ಮೇಲೆ, ಹಿಂದಿನ ಪುಲ್ಲಿಯ ಸರಿಯುವ ಫೇಸ್ ಅನ್ನು ಎರಡೂ ಕೈಗಳಿಂದ ಹಿಡಿದು ತಿರುವುತ್ತಾ ಬೆಲ್ಟ್‌ನಿಂದ ದೂರಕ್ಕೆ ಒತ್ತಬೇಕು. ಆರೋಗ್ಯವಾಗಿರುವ ಪುಲ್ಲಿ ಬಲವಾಗಿ ಎದುರು ಒತ್ತುತ್ತಲೇ ಸ್ವಲ್ಪ ತೆರೆದುಕೊಳ್ಳುತ್ತದೆ, ಕೈ ಬಿಟ್ಟೊಡನೆ ಮೃದುವಾಗಿ ಸ್ವಸ್ಥಾನಕ್ಕೆ ಮರಳುತ್ತದೆ. ಜಾಮ್ ಆದದ್ದು ಅಲ್ಲಾಡುವುದೇ ಇಲ್ಲ, ಅಥವಾ ಒಂದಿಷ್ಟು ಸರಿದು ಕರಕರ ಶಬ್ದ ಮಾಡಿ ಅಲ್ಲಿಯೇ ನಿಲ್ಲುತ್ತದೆ. ಹೀಗೆ ನಡುವೆ ನಿಲ್ಲುವುದೂ ಜಾಮ್‌ನ ಆರಂಭವೇ. ಅದನ್ನು ‘ಸ್ವಲ್ಪ ಬಿಗಿ ಇದೆ’ ಎಂದು ಬಿಟ್ಟು ಕವರ್ ಮುಚ್ಚಿದರೆ ಬೆಲ್ಟ್ ಬೇಗ ಹಾಳಾಗುತ್ತದೆ.

ನಮ್ಮ ಭಾಗದಲ್ಲಿ ಇದು ಇಷ್ಟೊಂದು ಜಾಮ್ ಆಗುವುದೇಕೆ?

ಕಾರಣ ಬಹುಪಾಲು ಧೂಳು, ಆ ಮೇಲೆ ನೀರು. ಬೆಲ್ಟ್ ತಣ್ಣಗಿರಲೆಂದು ಅದು ಮತ್ತು ಪುಲ್ಲಿಗಳಿರುವ ಕೋಣೆಯೊಳಗೆ ಹೊರಗಿನ ಗಾಳಿ ಹರಿಯುವಂತೆ ಮಾಡಿರುತ್ತಾರೆ. ಗಾಳಿಯ ಜೊತೆ ಧೂಳೂ ಬರುತ್ತದೆ. ಶಹಾಬಾದಿನ ಕಲ್ಲು ಗಣಿಗಳು, ವಾಡಿ ಮತ್ತು ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಸುತ್ತಲಿನ ರಸ್ತೆಗಳಲ್ಲಿ ಸುಣ್ಣಕಲ್ಲಿನ ಹಿಟ್ಟಿನಂಥ ಧೂಳು ಸದಾ ಹಾರುತ್ತಿರುತ್ತದೆ. ಬೀದರ್ ಕಡೆ ಜಂಬಿಟ್ಟಿಗೆ ಮಣ್ಣಿನ ಕೆಂಪು ಧೂಳು, ತೊಗರಿ ರಾಶಿಯ ದಿನಗಳಲ್ಲಿ ಹೊಲದ ದಾರಿಗಳಲ್ಲಿ ಹೊಟ್ಟಿನ ಧೂಳು. ಸೀಲ್ ಸವೆದ ಪುಲ್ಲಿಯಲ್ಲಿ ಇದು ಗೈಡ್ ಪಿನ್‌ಗಳ ಗ್ರೀಸ್‌ನೊಂದಿಗೆ ಬೆರೆತು ಬೇಸಿಗೆಯ ಶಾಖಕ್ಕೆ ಒಣಗಿ ಗಟ್ಟಿಯಾಗುತ್ತದೆ.

ಮಳೆಗಾಲದಲ್ಲಿ ತಗ್ಗು ರಸ್ತೆಗಳಲ್ಲಿ ನಿಂತ ನೀರಿನಲ್ಲಿ ಗಾಡಿ ದಾಟಿಸಿದಾಗ ಗಾಳಿಯ ದಾರಿಯಿಂದಲೇ ನೀರು ಒಳಗೆ ಹೋಗುತ್ತದೆ. ಬೆಲ್ಟ್ ಒಣಗಿದ ಮೇಲೆ ಗಾಡಿ ಮತ್ತೆ ಓಡುತ್ತದೆ, ಮಾಲೀಕರು ಅದನ್ನು ಮರೆಯುತ್ತಾರೆ. ಪಿನ್ ಮತ್ತು ಕೊಳವೆಗಳ ನಡುವೆ ಉಳಿದ ತೇವ ಮಾತ್ರ ಜಂಗು ಹಿಡಿಸುತ್ತಾ ಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗ ಆದಂತೆ ಗಾಡಿ ನೀರಿನಲ್ಲಿ ಮುಳುಗಿದ್ದರೆ, ಇಂಜಿನ್ ಚಾಲೂ ಆದರೂ ಆಗದಿದ್ದರೂ ಬೆಲ್ಟ್ ಕೋಣೆಯನ್ನು ತೆರೆದು ಒಣಗಿಸಿ ಹೊಸ ಗ್ರೀಸ್ ಹಾಕಲೇಬೇಕು.

ಸ್ಪ್ರಿಂಗ್ ಮಾತ್ರ ಬದಲಿಸಿದರೆ ಸಾಲದೇ?

ಸಾಲದು. ಸ್ಪ್ರಿಂಗ್ ಸೊರಗಿದ್ದರಿಂದ ಫೇಸ್ ಜಾಮ್ ಆಗುವುದು ಅಪರೂಪ. ಫೇಸ್ ಜಾಮ್ ಆಗಿ ಬೆಲ್ಟ್ ಜಾರಿ, ಆ ಶಾಖದಲ್ಲಿ ಸ್ಪ್ರಿಂಗ್ ತನ್ನ ಬಿಗಿ ಕಳೆದುಕೊಳ್ಳುವುದೇ ಹೆಚ್ಚು. ಕಾರಣವನ್ನು ಹಾಗೇ ಬಿಟ್ಟು ಹೊಸ ಸ್ಪ್ರಿಂಗ್ ಕೂರಿಸಿದರೆ ಕೆಲವು ದಿನ ಗಾಡಿ ಚೆನ್ನಾಗಿ ಓಡಿದಂತೆ ಕಂಡು ಮತ್ತೆ ಅದೇ ದೂರು ಬರುತ್ತದೆ. ಅಸೆಂಬ್ಲಿಯನ್ನು ಹೇಗೂ ಬಿಚ್ಚಿದ ಮೇಲೆ ಗ್ರೀಸ್ ಹೊರಬರದಂತೆ ತಡೆಯುವ ಎರಡು ಆಯಿಲ್ ಸೀಲ್, ಎರಡು ಓ-ರಿಂಗ್ (ರಬ್ಬರ್ ಬಳೆ) ಮತ್ತು ಗ್ರೀಸ್ ಬದಲಿಸುವುದನ್ನು ಇದೇ ಕೆಲಸದ ಭಾಗವೆಂದೇ ತಿಳಿಯಬೇಕು.

ಯಾವ ಸಲಕರಣೆಗಳು ಬೇಕು?

ಸಾಕೆಟ್ ಸೆಟ್, ಡ್ರಮ್ ಮತ್ತು ಪುಲ್ಲಿ ತಿರುಗದಂತೆ ಹಿಡಿಯುವ ಹೋಲ್ಡರ್, ಶೂಗಳ ಪ್ಲೇಟನ್ನು ಹಿಡಿದಿರುವ ಮಧ್ಯದ ದೊಡ್ಡ ನಟ್‌ಗೆ ತಕ್ಕ ಪಾನಾ, ಟಾರ್ಕ್ ರೆಂಚ್ (ಹೇಳಿದಷ್ಟೇ ಬಲಕ್ಕೆ ಬಿಗಿಯುವ ಪಾನಾ), ನೈಲಾನ್ ಅಥವಾ ಕಟ್ಟಿಗೆಯ ಸುತ್ತಿಗೆ, ಜಂಗು ಬಿಡಿಸುವ ಎಣ್ಣೆ, ಸೀಮೆ ಎಣ್ಣೆ, ಮಾಸ್ಕ್, ಕನ್ನಡಕ. ಹೋಂಡಾ ಮಾದರಿಯ ಅನೇಕ ಸ್ಕೂಟರ್‌ಗಳಲ್ಲಿ ಮಧ್ಯದ ನಟ್ 39 ಮಿ.ಮೀ. ಅಳತೆಯದು ಮತ್ತು ಬಹಳ ತೆಳುವಾದದ್ದು. ಬೇರೆ ಮಾದರಿಗಳಲ್ಲಿ ಅಳತೆ ಬೇರೆಯಾಗಿರುವುದರಿಂದ ನಟ್ ಅಳೆದೇ ಪಾನಾ ತರಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಸ್ಪ್ರಿಂಗ್ ಕಂಪ್ರೆಸರ್, ಅಂದರೆ ನಟ್ ಬಿಚ್ಚುವಾಗ ದೊಡ್ಡ ಸ್ಪ್ರಿಂಗನ್ನು ಒತ್ತಿ ಹಿಡಿದಿಡುವ ಸಾಧನ. ಸಿದ್ಧ ಕಂಪ್ರೆಸರ್ ಊರಿನಲ್ಲಿ ಸಿಗದಿದ್ದರೆ ಸೊಲ್ಲಾಪುರ ಅಥವಾ ಹೈದರಾಬಾದಿನಿಂದ ತರಿಸಿಕೊಳ್ಳಬಹುದು. ಇಲ್ಲವಾದರೆ ಕಪನೂರು ಕೈಗಾರಿಕಾ ಪ್ರದೇಶದಂತಹ ಕಡೆ ಯಾವ ಲೇಥ್ ಅಥವಾ ವೆಲ್ಡಿಂಗ್ ಅಂಗಡಿಯಲ್ಲಿಯಾದರೂ ಮಾಡಿಸಬಹುದು. ದಪ್ಪ ಕಬ್ಬಿಣದ ಎರಡು ಪಟ್ಟಿಗಳು, ಅವುಗಳ ಎರಡೂ ತುದಿಗಳನ್ನು ಜೋಡಿಸುವ 12 ಮಿ.ಮೀ.ನ ಉದ್ದನೆಯ ಎರಡು ಥ್ರೆಡ್ ರಾಡ್‌ಗಳು, ಅವುಗಳಿಗೆ ನಟ್ ಮತ್ತು ವಾಷರ್ ಇದ್ದರೆ ಸಾಕು. ಮೇಲಿನ ಪಟ್ಟಿಯ ನಡುವೆ ನಟ್ ಮತ್ತು ಪಾನಾ ಎರಡೂ ಇಳಿಯುವಷ್ಟು ದೊಡ್ಡ ರಂಧ್ರವಿರಬೇಕು; ಒತ್ತಡ ಬೀಳಬೇಕಾದದ್ದು ಶೂಗಳ ಮೇಲಲ್ಲ, ಅವು ಕುಳಿತಿರುವ ಪ್ಲೇಟ್‌ನ ಮೇಲೆ. ರಾಡ್‌ಗಳು ಉದ್ದವಾಗಿರಬೇಕೆಂಬುದನ್ನು ಲೇಥ್‌ನವರಿಗೆ ಒತ್ತಿ ಹೇಳಬೇಕು, ಏಕೆಂದರೆ ಸ್ಪ್ರಿಂಗ್ ಪೂರ್ತಿ ಹಿಗ್ಗುವವರೆಗೂ ರಾಡ್‌ನ ನಟ್‌ಗಳು ಕಳಚಿಕೊಳ್ಳಬಾರದು.

ಕಂಪ್ರೆಸರ್ ಇಲ್ಲದೆ, ಒಬ್ಬರು ಮಂಡಿಯಿಂದ ಒತ್ತಿ ಹಿಡಿದು ಇನ್ನೊಬ್ಬರು ನಟ್ ಬಿಚ್ಚುವುದು ಸರಿಯೇ?

ಸರಿಯಲ್ಲ. ಸಣ್ಣ ಅಂಗಡಿಗಳಲ್ಲಿ ಈ ರೂಢಿ ಇದೆ, ಬಹಳಷ್ಟು ಸಲ ಏನೂ ಆಗದೆ ಕೆಲಸ ಮುಗಿಯುವುದೂ ನಿಜ. ಆದರೆ ಜಾಮ್ ಆದ ಕ್ಲಚ್‌ನಲ್ಲಿ ಸ್ಪ್ರಿಂಗ್ ಯಾವ ಕ್ಷಣದಲ್ಲಿ ಬಿಡುಗಡೆಯಾಗುತ್ತದೆ ಎಂದು ಮೊದಲೇ ಹೇಳಲು ಸಾಧ್ಯವೇ ಇಲ್ಲ. ಬಿಡುಗಡೆಯಾದಾಗ ಶೂಗಳ ಸಮೇತ ಭಾರವಾದ ಪ್ಲೇಟ್ ನೇರವಾಗಿ ಮೇಲಕ್ಕೆ ಹಾರುತ್ತದೆ. ಬಗ್ಗಿ ನೋಡುತ್ತಿರುವವರ ಮುಖ, ಹಲ್ಲು, ಕಣ್ಣು ಅದರ ದಾರಿಯಲ್ಲೇ ಇರುತ್ತವೆ. ಅಂಗಡಿಗೆ ಕೆಲಸ ಕಲಿಯಲು ಬರುವ ಹುಡುಗರ ಕೈಯಲ್ಲಂತೂ ಹೀಗೆ ಮಾಡಿಸಲೇಬಾರದು.

ಅಸೆಂಬ್ಲಿಯನ್ನು ಗಾಡಿಯಿಂದ ಹೊರತೆಗೆಯುವ ಕ್ರಮವೇನು?

ಕವರ್‌ನ ಬೋಲ್ಟ್‌ಗಳು ಬೇರೆ ಬೇರೆ ಉದ್ದದವಾಗಿರುತ್ತವೆ. ಒಂದು ರಟ್ಟಿನ ಮೇಲೆ ಕವರ್‌ನ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಅದೇ ಜಾಗದಲ್ಲಿ ಚುಚ್ಚಿಟ್ಟರೆ ಮರಳಿ ಜೋಡಿಸುವಾಗ ಉದ್ದದ ಬೋಲ್ಟನ್ನು ಗಿಡ್ಡ ರಂಧ್ರಕ್ಕೆ ಹಾಕಿ ಥ್ರೆಡ್ ಹಾಳು ಮಾಡುವ ಭಯವಿರುವುದಿಲ್ಲ. ಕವರ್ ತೆಗೆಯುವಾಗ ಪ್ಯಾಕಿಂಗ್ ಹರಿಯದಂತೆ, ಸ್ಥಾನ ಹಿಡಿಯುವ ಸಣ್ಣ ಕೊಳವೆ ಪಿನ್‌ಗಳು ಕೆಳಗೆ ಬಿದ್ದು ಕಳೆಯದಂತೆ ನೋಡಿಕೊಳ್ಳಬೇಕು.

ಒಳಗಿನ ಕಪ್ಪು ಧೂಳನ್ನು ಬಾಯಿಂದಾಗಲಿ ಏರ್ ಗನ್‌ನಿಂದಾಗಲಿ ಊದಬಾರದು. ಅದು ಶೂ ಮತ್ತು ಬೆಲ್ಟ್ ಸವೆದ ಪುಡಿ, ಶ್ವಾಸಕೋಶಕ್ಕೆ ಹಾನಿಕರ. ಹಳೆಯ ಗಾಡಿಗಳ ಶೂಗಳಲ್ಲಿ ಆಸ್ಬೆಸ್ಟಾಸ್ ಕೂಡ ಇರಬಹುದು. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಬೇಕು.

ಅನಂತರ ಹೋಲ್ಡರ್‌ನಿಂದ ಡ್ರಮ್ ಹಿಡಿದು ಹೊರಗಿನ ನಟ್ ಬಿಚ್ಚಿ ಡ್ರಮ್ ತೆಗೆಯಬೇಕು. ಪುಲ್ಲಿ ಮುಚ್ಚಿದ ಸ್ಥಿತಿಯಲ್ಲಿ ಜಾಮ್ ಆಗಿದ್ದರೆ ಬೆಲ್ಟ್ ಅಂಚಿನಲ್ಲಿ ಬಿಗಿಯಾಗಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟಿ ಅದನ್ನು ಹೊರಗೆಳೆಯಬಾರದು. ಮುಂದಿನ ಪುಲ್ಲಿಯ ನಟ್ ಬಿಚ್ಚಿ ಅದರ ಹೊರ ಫೇಸ್ ತೆಗೆದರೆ ಬೆಲ್ಟ್ ತಾನಾಗಿಯೇ ಸಡಿಲಾಗಿ, ಹಿಂದಿನ ಅಸೆಂಬ್ಲಿ ಶಾಫ್ಟ್‌ನಿಂದ ಸಲೀಸಾಗಿ ಹೊರಬರುತ್ತದೆ. ಬೆಲ್ಟ್ ಮೇಲಿನ ಬಾಣದ ಗುರುತು ಅಳಿಸಿದ್ದರೆ, ತೆಗೆಯುವ ಮೊದಲೇ ತಿರುಗುವ ದಿಕ್ಕನ್ನು ಚಾಕ್‌ಪೀಸ್‌ನಿಂದ ಗುರುತಿಸಿಕೊಳ್ಳಬೇಕು.

ಮಧ್ಯದ ನಟ್ ಅಲ್ಲಾಡುತ್ತಿಲ್ಲ. ಉಳಿ ಇಟ್ಟು ಹೊಡೆಯಬಹುದೇ?

ಬೇಡ. ನಟ್ ತೆಳುವಾಗಿರುವುದರಿಂದ ಉಳಿಯ ಏಟಿಗೆ ಅದರ ಮೂಲೆಗಳು ಹಾರುತ್ತವೆ. ಏಟು ಜಾರಿದರೆ ಕೆಳಗಿನ ಕೊಳವೆಯ ಥ್ರೆಡ್‌ಗೇ ಗಾಯವಾಗುತ್ತದೆ, ಮತ್ತು ಆ ಕೊಳವೆ ಪುಲ್ಲಿಯ ಸ್ಥಿರ ಫೇಸ್‌ನ ಭಾಗವಾದ್ದರಿಂದ ಇಡೀ ಫೇಸ್ ಬದಲಿಸಬೇಕಾಗುತ್ತದೆ. ಜಂಗು ಬಿಡಿಸುವ ಎಣ್ಣೆಯನ್ನು ನಟ್‌ನ ಸುತ್ತ ಹನಿಸಿ ರಾತ್ರಿಯಿಡೀ ಬಿಟ್ಟು, ಮರುದಿನ ಕಂಪ್ರೆಸರ್‌ನಲ್ಲಿ ಅಸೆಂಬ್ಲಿಯನ್ನು ಬಿಗಿದು, ಸರಿಯಾದ ಅಳತೆಯ ಪಾನಾಕ್ಕೆ ಉದ್ದನೆಯ ಪೈಪ್ ಸಿಕ್ಕಿಸಿ ಒಂದೇ ಸಮನೆ ಬಲ ಹಾಕಿದರೆ ಬಹುತೇಕ ನಟ್‌ಗಳು ಬಿಡುತ್ತವೆ. ಹಾಗೂ ಬಿಡದಿದ್ದರೆ ಇಂಪ್ಯಾಕ್ಟ್ ಗನ್ ಬಳಸಬಹುದು, ಆದರೆ ಬಿಚ್ಚಲು ಮಾತ್ರ, ಅದೂ ಕಂಪ್ರೆಸರ್ ಬಿಗಿದಿರುವಾಗ ಮಾತ್ರ.

ಎಣ್ಣೆ ಹಾಕುವಾಗ ಶೂಗಳ ಮೇಲೆ ಒಂದು ಹನಿಯೂ ಬೀಳದಂತೆ ಬಟ್ಟೆ ಮುಚ್ಚಬೇಕು.

ನಟ್ ಪೂರ್ತಿ ಬಿಚ್ಚಿದರೂ ಪ್ಲೇಟ್ ಮೇಲೇಳುತ್ತಿಲ್ಲ. ಈಗ ಏನು ಮಾಡಬೇಕು?

ಇಡೀ ಕೆಲಸದಲ್ಲಿ ಅತ್ಯಂತ ಅಪಾಯದ ಘಟ್ಟ ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಶೂಗಳ ಪ್ಲೇಟ್‌ನ ನಡುವಿನ ರಂಧ್ರ ಪೂರ್ತಿ ದುಂಡಗಿರುವುದಿಲ್ಲ. ಕೊಳವೆಯ ಮೇಲಿನ ಚಪ್ಪಟೆ ಬದಿಗಳಿಗೆ ಹೊಂದುವಂತೆ ಅದಕ್ಕೂ ಚಪ್ಪಟೆ ಬದಿಗಳಿರುತ್ತವೆ. ಈ ಎರಡರ ನಡುವೆ ಜಂಗು ಹಿಡಿದಾಗ ನಟ್ ಇಲ್ಲದೆಯೂ ಪ್ಲೇಟ್ ಅಲ್ಲಿಯೇ ಕಚ್ಚಿಕೊಂಡಿರುತ್ತದೆ. ಕಂಪ್ರೆಸರ್ ಸಡಿಲಿಸಿದ ಮೇಲೂ ಪ್ಲೇಟ್ ಕದಲದಿದ್ದರೆ, ನೋಡುವವರಿಗೆ ಸ್ಪ್ರಿಂಗ್‌ನಲ್ಲಿ ಬಲವೇ ಉಳಿದಿಲ್ಲವೆಂದು ಅನ್ನಿಸುತ್ತದೆ. ಆದರೆ ಸ್ಪ್ರಿಂಗ್‌ನ ಪೂರ್ತಿ ಬಲ ಆ ಜಂಗಿನ ಪದರದ ಮೇಲೆಯೇ ನಿಂತಿರುತ್ತದೆ.

ಆಗ ಕಂಪ್ರೆಸರನ್ನು ಯಾವ ಕಾರಣಕ್ಕೂ ಕಳಚಬಾರದು. ಮೇಲಿನ ಪಟ್ಟಿ ಮತ್ತು ಪ್ಲೇಟ್‌ನ ನಡುವೆ ಕಿರುಬೆರಳಿನ ಅಗಲದಷ್ಟು ಸಂದು ಬಿಟ್ಟು ರಾಡ್‌ಗಳನ್ನು ಹಾಗೆಯೇ ಇಡಬೇಕು. ಕೊಳವೆಯ ಸುತ್ತ ಎಣ್ಣೆ ಹನಿಸಿ, ಅದು ಇಳಿಯಲು ಸಮಯ ಕೊಟ್ಟು, ಮುಖವನ್ನು ಅಸೆಂಬ್ಲಿಯ ನೇರದಿಂದ ದೂರವಿಟ್ಟುಕೊಂಡು, ಪ್ಲೇಟ್‌ನ ಅಂಚನ್ನು ನೈಲಾನ್ ಸುತ್ತಿಗೆಯಿಂದ ಎದುರುಬದುರಾಗಿ ಸಣ್ಣಗೆ ತಟ್ಟುತ್ತಾ ಹೋಗಬೇಕು. ಪ್ಲೇಟ್ ಬಿಡುವಾಗ ಟಕ್ ಎಂಬ ಶಬ್ದ ಮಾಡಿ ಮೇಲಿನ ಪಟ್ಟಿಗೆ ಬಂದು ಬಡಿಯುತ್ತದೆ. ಅಲ್ಲಿಂದ ಮುಂದೆ ಎರಡೂ ರಾಡ್‌ಗಳ ನಟ್‌ಗಳನ್ನು ಸರದಿಯಂತೆ ಒಂದೊಂದು ಸುತ್ತು ಸಡಿಲಿಸುತ್ತಾ, ಪಟ್ಟಿ ಓರೆಯಾಗದಂತೆ ಸ್ಪ್ರಿಂಗನ್ನು ಪೂರ್ತಿ ಹಿಗ್ಗಲು ಬಿಡಬೇಕು.

ಸ್ಪ್ರಿಂಗ್ ಹೊರಬಂತು, ಆದರೆ ಫೇಸ್ ಇನ್ನೂ ಜಾಮ್ ಆಗಿಯೇ ಇದೆಯಲ್ಲ?

ಮೊದಲು ಸೀಲ್ ಕಾಲರ್ ತೆಗೆಯಬೇಕು. ಸ್ಪ್ರಿಂಗ್ ಕುಳಿತಿದ್ದ ಈ ಲೋಹದ ಕೊಳವೆಯನ್ನು ಒಳಗಿನ ಓ-ರಿಂಗ್‌ಗಳು ಹಿಡಿದಿರುತ್ತವೆ. ತಿರುವುತ್ತಾ ಮೇಲಕ್ಕೆಳೆದರೆ ಬರುತ್ತದೆ. ಅದು ಹೋದೊಡನೆ ಗೈಡ್ ಪಿನ್‌ಗಳು ಕಣ್ಣಿಗೆ ಬೀಳುತ್ತವೆ. ಒಣಗಿದ ಗ್ರೀಸ್ ಇಲ್ಲಿ ಬೆಲ್ಲದ ಪಾಕ ಗಟ್ಟಿಯಾದಂತೆ ಕಂದು ಬಣ್ಣಕ್ಕೆ ತಿರುಗಿ ಸೀಳುಗಳನ್ನು ತುಂಬಿರುತ್ತದೆ. ಅದನ್ನು ಕಟ್ಟಿಗೆಯ ಕಡ್ಡಿಯಿಂದ ಕೆರೆದು, ಸೀಮೆ ಎಣ್ಣೆ ಹಾಕಿ ನೆನೆಸಿ, ಪಿನ್‌ಗಳನ್ನು ಇಕ್ಕಳದಿಂದ ಹಿಡಿದು ತಿರುವುತ್ತಾ ಹೊರತೆಗೆಯಬೇಕು. ಪಿನ್ ತೆಗೆಯದೆ ಫೇಸ್ ಬರುವುದಿಲ್ಲ. ಪಿನ್ ಇರುವಾಗಲೇ ಜಗ್ಗಿದರೆ ಸೀಳಿನ ಅಂಚುಗಳು ಒಡೆಯುತ್ತವೆ.

ಪಿನ್‌ಗಳು ಬಂದ ಮೇಲೂ ಫೇಸ್ ಬಿಗಿಯಾಗಿದ್ದರೆ ಎರಡು ಫೇಸ್‌ಗಳನ್ನು ಕೈಯಿಂದ ಹಿಡಿದು ಹಿಂದೆ ಮುಂದೆ ತಿರುವುತ್ತಾ, ನಡುನಡುವೆ ಎಣ್ಣೆ ಹನಿಸುತ್ತಾ ತಾಳ್ಮೆಯಿಂದ ಬಿಡಿಸಬೇಕು. ಹೀಟ್ ಗನ್‌ನಿಂದ ಹದವಾಗಿ ಬಿಸಿ ಮಾಡಬಹುದು, ಆದರೆ ಎಣ್ಣೆ ಹಾಕಿದ ಭಾಗಗಳನ್ನು ಮೊದಲು ಒರೆಸಿ ಒಣಗಿಸಿರಬೇಕು. ಗ್ಯಾಸ್ ಕಟರ್‌ನ ಬೆಂಕಿ ತಾಕಿಸಿದರೆ ಲೋಹ ಸೊಟ್ಟಗಾಗುತ್ತದೆ. ಫೇಸ್‌ನ ತೆಳು ಅಂಚಿಗೆ ಸುತ್ತಿಗೆಯಿಂದ ಹೊಡೆಯುವುದಾಗಲಿ, ಎರಡು ಫೇಸ್‌ಗಳ ನಡುವೆ ಉಳಿ ತೂರಿಸುವುದಾಗಲಿ ಕೂಡದು. ಅಲ್ಲಿ ಬಿದ್ದ ಸಣ್ಣ ಗೀರೂ ಮುಂದೆ ಬೆಲ್ಟನ್ನು ಸವೆಸುತ್ತದೆ.

ಬಿಚ್ಚಿದ ಮೇಲೆ ಯಾವುದನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕು?

ಸೀಲ್ ಮತ್ತು ಓ-ರಿಂಗ್‌ಗಳನ್ನು ನೋಡುವ ಅಗತ್ಯವೇ ಇಲ್ಲ, ಹೊಸದು ಹಾಕಬೇಕು. ಪಿನ್‌ಗಳ ಒಂದು ಬದಿ ಚಪ್ಪಟೆಯಾಗಿದ್ದರೆ ಬದಲಿಸಬೇಕು. ಓರೆ ಸೀಳಿನ ಅಂಚಿನಲ್ಲಿ ಉಗುರು ಆಡಿಸಿದಾಗ ತಗ್ಗು ಸಿಕ್ಕರೆ, ಎಷ್ಟು ಗ್ರೀಸ್ ಹಾಕಿದರೂ ಪಿನ್ ಆ ತಗ್ಗಿನಲ್ಲಿ ನಿಲ್ಲುವುದರಿಂದ, ಸರಿಯುವ ಫೇಸ್ ಬದಲಿಸದೆ ಬೇರೆ ದಾರಿಯಿಲ್ಲ. ಕೊಳವೆಯೊಳಗಿನ ಬೇರಿಂಗ್‌ಗಳನ್ನು ಬೆರಳಿನಿಂದ ತಿರುಗಿಸಿ ಒರಟುತನ ಇದೆಯೇ ಎಂದು ಪರೀಕ್ಷಿಸಬೇಕು. ಶೂಗಳ ದಪ್ಪ, ಡ್ರಮ್‌ನ ಒಳ ಅಳತೆ, ಬೆಲ್ಟ್‌ನ ಅಗಲ ಇವುಗಳ ಮಿತಿ ಆಯಾ ಗಾಡಿಯ ಸರ್ವಿಸ್ ಕೈಪಿಡಿಯಲ್ಲಿ ಇರುತ್ತದೆ. ಡ್ರಮ್ ಒಳಗೆ ನೀಲಿ ಬಣ್ಣದ ಕಲೆಗಳಿದ್ದರೆ ಅದು ವಿಪರೀತ ಕಾದಿದೆ ಎಂದು ಅರ್ಥ.

ಹಳೆಯ ಸ್ಪ್ರಿಂಗನ್ನು ಹೊಸದರ ಪಕ್ಕದಲ್ಲಿ ನಿಲ್ಲಿಸಿ ಉದ್ದ ನೋಡಿದರೆ ಸೊರಗಿದ್ದು ಮೇಲ್ನೋಟಕ್ಕೇ ತಿಳಿಯುತ್ತದೆ, ಕೈಪಿಡಿಯಲ್ಲಿ ಕೊಟ್ಟ ಕನಿಷ್ಠ ಉದ್ದಕ್ಕಿಂತ ಕಡಿಮೆಯಿದ್ದರೆ ಅದನ್ನು ಮತ್ತೆ ಹಾಕಬಾರದು. ಕೆಲವರು ಹಳೆಯದನ್ನೇ ಎಳೆದು ಉದ್ದ ಮಾಡಿ ಹಾಕುತ್ತಾರೆ. ಎಳೆದ ಸ್ಪ್ರಿಂಗ್ ಕೆಲವೇ ಸಲ ಕಾದು ತಣಿದೊಡನೆ ಮತ್ತೆ ಕುಗ್ಗುತ್ತದೆ.

ಹೆಚ್ಚು ಬಿಗಿಯಾದ ಸ್ಪ್ರಿಂಗ್ ಹಾಕಿದರೆ ಪಿಕಪ್ ಹೆಚ್ಚುತ್ತದೆಯೇ?

ಬಣ್ಣಬಣ್ಣದ ಬಿಗಿ ಸ್ಪ್ರಿಂಗ್‌ಗಳು ಮಾರುಕಟ್ಟೆಯಲ್ಲಿವೆ, ತರುಣರು ಇದನ್ನು ಆಸೆಯಿಂದ ಕೇಳುತ್ತಾರೆ. ರೋಲರ್‌ಗಳ ತೂಕ ಬದಲಿಸದೆ ಸ್ಪ್ರಿಂಗ್ ಮಾತ್ರ ಬಿಗಿ ಮಾಡಿದರೆ ಇಂಜಿನ್ ಸದಾ ಹೆಚ್ಚು ಸುತ್ತುಗಳಲ್ಲಿ ತಿರುಗುತ್ತದೆ, ಪೆಟ್ರೋಲ್ ಹೆಚ್ಚು ಬೇಕಾಗುತ್ತದೆ, ಬೆಲ್ಟ್ ಹೆಚ್ಚು ಕಾಯುತ್ತದೆ, ಮೇಲಿನ ವೇಗ ಕಡಿಮೆಯಾಗುತ್ತದೆ. ನಮ್ಮ ಬಿಸಿಲಿಗೆ ಬೆಲ್ಟ್ ಹೇಗೂ ಸಾಕಷ್ಟು ಕಾಯುತ್ತದೆ. ಮನೆ, ಕಚೇರಿ, ಸಂತೆ ಎಂದು ಓಡುವ ಗಾಡಿಗೆ ಕಂಪನಿ ಕೊಟ್ಟ ಅಳತೆಯ ಸ್ಪ್ರಿಂಗೇ ಸರಿ.

ಗ್ರೀಸ್ ಎಷ್ಟು, ಯಾವುದು?

ಕೈಪಿಡಿಯಲ್ಲಿ ಹೇಳಿದ, ಶಾಖ ತಡೆಯುವ ಗ್ರೀಸ್ ಅನ್ನು ಹೇಳಿದಷ್ಟೇ ತೂಕದಲ್ಲಿ ಹಾಕಬೇಕು. ಚಕ್ರದ ಬೇರಿಂಗ್‌ಗೆ ಬಳಸುವ ಸಾಮಾನ್ಯ ಗ್ರೀಸ್ ಕರಗಿ ಹೊರಬಂದು ಬೆಲ್ಟ್ ಹಾಗೂ ಶೂಗಳಿಗೆ ಹತ್ತುತ್ತದೆ. ಹೆಚ್ಚು ಹಾಕಿದರೂ ಅದೇ ಫಲ. ಪಿನ್, ಸೀಳು ಮತ್ತು ಬೇರಿಂಗ್‌ಗಳಿಗೆ ಹಚ್ಚಿ, ಕಾಲರ್ ಕೂರಿಸಿದ ಮೇಲೆ ಹೊರಗೆ ಉಬ್ಬಿದ್ದನ್ನೆಲ್ಲ ಒರೆಸಬೇಕು. ಬೆಲ್ಟ್ ತಾಗುವ ಫೇಸ್‌ಗಳನ್ನು ಕೊನೆಯಲ್ಲಿ ಬ್ರೇಕ್ ಕ್ಲೀನರ್ ಹಾಕಿದ ಶುಭ್ರ ಬಟ್ಟೆಯಿಂದ ಒರೆಸಬೇಕು. ಸೀಮೆ ಎಣ್ಣೆಯಿಂದ ತೊಳೆದರೆ ಮಾತ್ರ ಸಾಲದು, ಅದರ ಜಿಡ್ಡು ಉಳಿಯುತ್ತದೆ.

ಮರಳಿ ಜೋಡಿಸುವಾಗ ಎಲ್ಲಿ ಎಚ್ಚರ ಬೇಕು?

ಎರಡು ಕಡೆ. ಮೊದಲನೆಯದು, ಕಂಪ್ರೆಸರ್‌ನಲ್ಲಿ ಸ್ಪ್ರಿಂಗ್ ಒತ್ತುತ್ತಾ ಬರುವಾಗ ಪ್ಲೇಟ್‌ನ ರಂಧ್ರದ ಚಪ್ಪಟೆ ಬದಿಗಳು ಕೊಳವೆಯ ಚಪ್ಪಟೆ ಬದಿಗಳಿಗೆ ಸರಿಯಾಗಿ ಕೂರಬೇಕು. ಕೂರದೆ ಓರೆಯಾಗಿ ನಿಂತಾಗ ನಟ್ ಬಿಗಿದರೆ ಕೊಳವೆಯ ಥ್ರೆಡ್ ಹೋಗುತ್ತದೆ. ನಟ್ ಅನ್ನು ಮೊದಲ ಕೆಲವು ಸುತ್ತು ಕೈಯಿಂದಲೇ ತಿರುಗಿಸಿ, ಸಲೀಸಾಗಿ ಹೋಗುತ್ತದೆ ಎಂದು ಖಾತ್ರಿಯಾದ ಮೇಲೆ ಟಾರ್ಕ್ ರೆಂಚ್‌ನಿಂದ ಕೈಪಿಡಿಯ ಅಳತೆಗೆ ಬಿಗಿಯಬೇಕು.

ಎರಡನೆಯದು ಬೆಲ್ಟ್. ಹಿಂದಿನ ಪುಲ್ಲಿಯ ಫೇಸ್‌ಗಳನ್ನು ಕೈಯಿಂದ ತೆರೆದು ಬೆಲ್ಟನ್ನು ಆಳಕ್ಕೆ ಇಳಿಸಿದರೆ ಮಾತ್ರ ಮುಂದಿನ ಪುಲ್ಲಿಯಲ್ಲಿ ಅದು ಸಡಿಲಾಗಿ ಕೂರುತ್ತದೆ. ಹಾಗೆ ಮಾಡದಿದ್ದರೆ ಮುಂದಿನ ಪುಲ್ಲಿಯ ಹೊರ ಫೇಸ್ ಮತ್ತು ಒಳಗಿನ ಕೊಳವೆಯ ನಡುವೆ ಬೆಲ್ಟ್ ಸಿಕ್ಕಿಕೊಂಡು, ನಟ್ ಬಿಗಿಯಾದಂತೆ ಕೈಗೆ ಅನ್ನಿಸಿ, ನಿಜವಾಗಿ ಫೇಸ್ ಕೂತಿರುವುದೇ ಇಲ್ಲ. ಗಾಡಿ ಓಡಿದಾಗ ನಟ್ ಸಡಿಲಾಗಿ ಕ್ರ್ಯಾಂಕ್ ಶಾಫ್ಟ್‌ನ ಹಲ್ಲುಗಳೇ ಸವೆಯುತ್ತವೆ. ಈ ಪುಲ್ಲಿಯಿಂದ ಕ್ರ್ಯಾಂಕ್‌ವರೆಗೆ ಹೋಗುವ ಖರ್ಚು ಸ್ಪ್ರಿಂಗ್‌ನ ಬೆಲೆಗೆ ಹೋಲಿಸಲಾಗದಷ್ಟು ದೊಡ್ಡದು. ನಟ್ ಬಿಗಿದ ಮೇಲೆ ಮುಂದಿನ ಪುಲ್ಲಿಯನ್ನು ಕೈಯಿಂದ ತಿರುಗಿಸುತ್ತಾ, ಬೆಲ್ಟ್ ಹಿಂದಿನ ಪುಲ್ಲಿಯ ಅಂಚಿಗೆ ಏರುವುದನ್ನು ಕಣ್ಣಾರೆ ನೋಡಬೇಕು.

ಕೆಲಸ ಸರಿಯಾಗಿದೆ ಎಂದು ಪರೀಕ್ಷಿಸುವುದು ಹೇಗೆ?

ಕವರ್ ಮುಚ್ಚಿ, ಮಧ್ಯದ ಸ್ಟ್ಯಾಂಡ್ ಮೇಲೆ ಗಾಡಿ ಚಾಲೂ ಮಾಡಿ ಐಡಲ್‌ನಲ್ಲಿ ಬಿಡಬೇಕು. ಹಿಂದಿನ ಚಕ್ರ ನಿಧಾನವಾಗಿ ತಿರುಗಿದರೆ ಗಾಬರಿ ಬೇಡ, ಬ್ರೇಕ್ ಹಿಡಿದರೆ ನಿಲ್ಲಬೇಕು. ಬ್ರೇಕನ್ನೂ ಎಳೆದುಕೊಂಡು ಹೋಗುವಂತಿದ್ದರೆ ಶೂಗಳ ಸಣ್ಣ ಸ್ಪ್ರಿಂಗ್ ಮುರಿದಿದೆಯೇ ಅಥವಾ ಐಡಲ್ ಹೆಚ್ಚಾಗಿದೆಯೇ ಎಂದು ನೋಡಬೇಕು. ಸ್ಟ್ಯಾಂಡ್ ಮೇಲೆ ಭಾರವಿಲ್ಲದೆ ಎಕ್ಸಲರೇಟರ್ ಪೂರ್ತಿ ತಿರುವುವುದು ಬೇಡ.

ಆ ಮೇಲೆ ವಾಹನ ಸಂಚಾರ ಕಡಿಮೆ ಇರುವ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ವೇಗ ಏರಿಸಿ, ಬ್ರೇಕ್ ಹಿಡಿದು ನಿಲ್ಲಿಸಿ, ಕೂಡಲೇ ಮತ್ತೆ ಹೊರಡಬೇಕು. ಬೆಲ್ಟ್ ಸ್ವಸ್ಥಾನಕ್ಕೆ ಮರಳಿದೆಯೇ ಎಂಬುದು ಈ ಎರಡನೆಯ ಹೊರಡುವಿಕೆಯಲ್ಲೇ ತಿಳಿಯುತ್ತದೆ: ಮೊದಲ ಸಲದಷ್ಟೇ ಹಗುರವಾಗಿ ಹೊರಟರೆ ಫೇಸ್ ಸಲೀಸಾಗಿ ಆಡುತ್ತಿದೆ. ಶಬ್ದ, ನಡುಕ ಅಥವಾ ಸುಟ್ಟ ವಾಸನೆ ಇದ್ದರೆ ಮುಂದೆ ಓಡಿಸದೆ ಕವರ್ ಮತ್ತೆ ತೆಗೆದು ನೋಡಬೇಕು.

ಮತ್ತೆ ಜಾಮ್ ಆಗದಂತೆ ಏನು ಮಾಡಬಹುದು?

ಬೆಲ್ಟ್ ಕೋಣೆಗೆ ಪ್ರತ್ಯೇಕ ಗಾಳಿ ಫಿಲ್ಟರ್ ಇರುವ ಮಾದರಿಗಳಲ್ಲಿ ಅದನ್ನು ಕೈಪಿಡಿಯ ಅವಧಿಗಿಂತ ಬೇಗನೆ, ಅದರಲ್ಲೂ ಸಿಮೆಂಟ್ ಮತ್ತು ಕಲ್ಲು ಗಣಿಗಳ ಕಡೆ ಓಡಾಡುವವರು ಇನ್ನೂ ಬೇಗನೆ, ಸ್ವಚ್ಛ ಮಾಡಬೇಕು. ತೊಳೆಯುವ ಅಂಗಡಿಯಲ್ಲಿ ಪ್ರೆಷರ್ ನೀರನ್ನು ಎಡಬದಿಯ ಗಾಳಿ ಕಿಂಡಿಗೆ ಹಿಡಿಯದಂತೆ ಹೇಳಬೇಕು. ಬಹಳ ದಿನ ನಿಲ್ಲಿಸಿಡುವ ಗಾಡಿಯನ್ನು ಆಗಾಗ ಬರೀ ಚಾಲೂ ಮಾಡಿ ಆರಿಸಿದರೆ ಪುಲ್ಲಿ ಕದಲುವುದೇ ಇಲ್ಲ. ವೇಗ ಏರಿ ಇಳಿಯುವಷ್ಟು ದೂರ ಓಡಿಸಿ ತಂದು ನಿಲ್ಲಿಸಬೇಕು. ಮುಂಗಾರು ಮುಗಿದ ಮೇಲೆ ಒಮ್ಮೆ ಕವರ್ ತೆಗೆಸಿ, ಮೇಲೆ ಹೇಳಿದಂತೆ ಫೇಸ್ ಅನ್ನು ಎರಡೂ ಕೈಗಳಿಂದ ತಿರುವಿ ನೋಡಿಸಿದರೆ ಬಿಗಿ ಹಿಡಿಯುತ್ತಿರುವುದು ಆರಂಭದಲ್ಲೇ ಗೊತ್ತಾಗುತ್ತದೆ, ಆಗ ಗ್ರೀಸ್ ಮತ್ತು ಸೀಲ್‌ಗಳ ಖರ್ಚಿನಲ್ಲೇ ಕೆಲಸ ಮುಗಿಯುತ್ತದೆ.